ದಿನಕ್ಕೊಂದು ಎಲೆ

ಬೆಳಗ್ಗೆ ಎದ್ದೊಡನೆ ಚಿತ್ರದ ಎಲೆಯೊಂದನ್ನು ಎತ್ತಿ, ಅದನ್ನು ನೋಡುತ್ತ ತನ್ನ ನಡೆನುಡಿಗಳನ್ನು ಕುರಿತು ಚಿಂತಿಸುವ ರೂಢಿಯೊಂದು ಈಚೆಗೆ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಕಾಣಿಸಿಕೊಂಡಿದೆ. ಈ ಎಲೆಗಳಿಗೆ ಟ್ಯಾರೋ ಎಂದು ಹೆಸರು. ಭವಿಷ್ಯವನ್ನು ತಿಳಿಯುವುದಕ್ಕಲ್ಲ, ಆತ್ಮವಿಕಾಸಕ್ಕಾಗಿ ಎಂಬುದು ಅವರ ಸಮಾಧಾನ. ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ಒರೆಗೆ ಹಚ್ಚಿ ನೋಡುವುದು ಮೇಲು. ಅಂಥ ಒರೆಗಲ್ಲು ಮುಧೋಳ, ಜಮಖಂಡಿಗಳ ನೆಲದಲ್ಲಿಯೇ ಇದೆಯೆಂದು ನನ್ನ ಭಾವನೆ.

ಮೊದಲು ಎಲೆಗಳ ಪೂರ್ವೋತ್ತರ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಉತ್ತರ ಇಟಲಿಯ ಅರಮನೆಗಳಲ್ಲಿ ಅವು ಹುಟ್ಟಿದುದು ಆಟಕ್ಕಾಗಿ. ಕಾಲಕ್ರಮದಲ್ಲಿ ನೆಲೆಗೊಂಡ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22ರ ಮೇಲೆ ಚಕ್ರವರ್ತಿ, ಸನ್ಯಾಸಿ, ಅದೃಷ್ಟಚಕ್ರ, ಮರಣ ಮೊದಲಾದ ಚಿತ್ರಗಳು. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ಪಂಡಿತನು ಇವು ಪುರಾತನ ಈಜಿಪ್ತಿನ ಜ್ಞಾನಗ್ರಂಥದ ಪುಟಗಳೆಂದು ಸಾರಿದನು. ಈಜಿಪ್ತಿನ ಚಿತ್ರಲಿಪಿಯ ಗುಟ್ಟನ್ನು ಶಾಂಪೋಲಿಯೋ ಬಿಡಿಸಿದುದು 1822ರಲ್ಲಿ. ಲಿಪಿಯನ್ನು ಓದಬಲ್ಲವರೇ ಇಲ್ಲದ ಕಾಲದ ಊಹೆ ಹೀಗೆ ಬೇರೂರಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 1909ರಲ್ಲಿ ವೇಟ್ ಎಂಬವನ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದು, ಲಂಡನ್ನಿನಲ್ಲಿ ಪ್ರಕಟವಾದ ಕಟ್ಟು. ಎಂದರೆ, ಎಲೆಯ ಅರ್ಥವೆಲ್ಲ ನೋಡಿದವರು ಇಟ್ಟುದು.

ಚಿತ್ರದ ಎಲೆಗಳಿಗೆ ನಮ್ಮಲ್ಲಿಯೂ ಕೊರತೆಯಿರಲಿಲ್ಲ. ದಶಾವತಾರದ ಗಂಜೀಫಾ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಗಂಜೀಫಾದ ಬಗೆಬಗೆಗಳ ವರ್ಣನೆಯಿದೆ. ದೇವರ ಚಿತ್ರವಿದ್ದರೂ ಅದು ಆಟವೇ. ಭವಿಷ್ಯ ಬೇಕಾದವರಿಗೆ ಸಂತೆಯಲ್ಲಿ ಗಿಳಿಶಾಸ್ತ್ರದವನಿದ್ದ; ಗಿಳಿ ಪಂಜರದಿಂದ ಹೊರಬಂದು ಎಲೆಯೊಂದನ್ನು ಎಳೆದರೆ ಅವನು ಅರ್ಥ ಹೇಳುವನು. ಕಾಸು ಕೊಟ್ಟು ಕೇಳುವುದಷ್ಟೇ ಬಂದವನ ಕೆಲಸ. ಹೊಸ ರೂಢಿ ಒಂದು ಹೆಜ್ಜೆ ಮುಂದಿಟ್ಟಿದೆ: ಇಲ್ಲಿ ಎಲೆ ಎಳೆಯುವವನೂ ಅರ್ಥ ಹೇಳುವವನೂ ಒಬ್ಬನೇ.

ಅಪಾಯವಿರುವುದೂ ಇಲ್ಲಿಯೇ. ತನ್ನನ್ನು ತಾನು ಚೆನ್ನಾಗಿ ಓದಿಕೊಂಡವನೂ ಬದಲಾಗದೆ ಉಳಿಯಬಹುದು. ಇದನ್ನು ಕಂಡವನು ರನ್ನ. 949ರಲ್ಲಿ ಮುದುವೊಳಲಿನ, ಎಂದರೆ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಕರ್ಣ. ಒಂದೊಂದು ಮುಖವೂ ಅವನ ಬಾಳಿನ ಒಂದೊಂದು ಎಲೆ. ಹಗೆಯ ಮಗನ ಸಾಹಸವನ್ನು ಕೊಂಡಾಡಿ ಅಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ತಂದೆಗೆ ಮಗ ಬಿಡಬೇಕಾದ ತರ್ಪಣವನ್ನು ಮಗನಿಗೆ ತಂದೆ ಬಿಡುವಂತಾಯಿತಲ್ಲ ಎಂದು ಕರಗುತ್ತಾನೆ. ಕರ್ಣನ ಜನ್ಮರಹಸ್ಯ ತನಗೆ ತಿಳಿದಿತ್ತೆಂದು ಒಪ್ಪಿಕೊಳ್ಳುತ್ತಾನೆ. ಇದಕ್ಕಿಂತ ನಿಷ್ಠುರವಾದ ಆತ್ಮಪರೀಕ್ಷೆ ಉಂಟೆ? ಆದರೆ ಭೀಷ್ಮರು ಸಂಧಿಯ ಮಾತೆತ್ತಿದಾಗ ಹಳೆಯ ಛಲವೇ ಉತ್ತರ ಕೊಡುತ್ತದೆ. ನೋಟವೇನೋ ತಿಳಿಯಾಯಿತು, ನಡೆ ತಿದ್ದಲಿಲ್ಲ.

ತಿದ್ದುವ ಬಗೆಯನ್ನು ಅರಿಯಬೇಕಾದರೆ ನೆರೆಯ ಜಮಖಂಡಿಯತ್ತ ನೋಡಬೇಕು. 1886ರಲ್ಲಿ ಅಲ್ಲಿ ಜನಿಸಿದ ಗುರುದೇವ ರಾನಡೆಯವರು 1901ರಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶ ಪಡೆದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. 1957ರಲ್ಲಿ ನಿಂಬಾಳದಲ್ಲಿ ದೇಹವಿಡುವವರೆಗೂ ನಾಮಸ್ಮರಣೆಯನ್ನು ಬಿಡಲಿಲ್ಲ. ದಿನಕ್ಕೊಂದು ಹೊಸ ಎಲೆ ಅವರಿಗೆ ಬೇಕಿರಲಿಲ್ಲ. ದಿನವೂ ಅದೇ ನಾಮ. ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ತಮ್ಮ 1933ರ ಇಂಗ್ಲಿಷ್ ಗ್ರಂಥದ ಮುನ್ನುಡಿಯಲ್ಲಿ, ಅನುಭಾವವನ್ನು ಪರೀಕ್ಷಿಸುವ ಒರೆಗಲ್ಲುಗಳನ್ನು ಎಣಿಸುವಾಗ ಅವರು ನೀತಿಯನ್ನೂ ಸೇರಿಸಿದರು. ನಡತೆಯನ್ನು ಎತ್ತರಿಸದ ಅನುಭಾವ ಎಷ್ಟು ಬೆಳಕು ಚೆಲ್ಲಿದರೂ ಅನುಭಾವವೆನಿಸದು ಎಂಬುದು ಇದರ ತಾತ್ಪರ್ಯ.

ಅನುಭಾವಕ್ಕೆ ಹಿಡಿದ ಈ ಕಲ್ಲನ್ನು ಎಲೆಗೂ ಧಾರಾಳವಾಗಿ ಹಿಡಿಯಬಹುದು. ಟ್ಯಾರೋ ಕಟ್ಟಿನಲ್ಲಿ ಸಂಯಮದ ಎಲೆಯೊಂದಿದೆ: ದೇವದೂತನೊಬ್ಬ ಒಂದು ಪಾತ್ರೆಯ ನೀರನ್ನು ಇನ್ನೊಂದಕ್ಕೆ ಸುರಿಯುತ್ತಿರುತ್ತಾನೆ. ಬೆಳಗ್ಗೆ ಅದು ಕೈಗೆ ಬಂದರೆ ನೋಡಿ ಸಂತೋಷಪಡಲಿ, ತಪ್ಪಿಲ್ಲ. ಅದರ ಅರ್ಥವನ್ನು ಮಾತ್ರ ಸಂಜೆ ಮನೆಯ ಮಕ್ಕಳನ್ನೂ ಕಚೇರಿಯ ಜವಾನನನ್ನೂ ಕೇಳಿ ತಿಳಿಯಬೇಕು.