ಅಚ್ಚಿಗೆ ಹೋದ ತಪ್ಪು ಲೆಕ್ಕ

ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂಬುದನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ಚಿತ್ರವಾಗಿ ಕಾಣುತ್ತಾನೆ. ಸಿಎಫ್‌ಡಿ ಎಂದು ಕರೆಯಲಾಗುವ ಈ ವಿದ್ಯೆಯ ಮೊದಲ ದೊಡ್ಡ ಪ್ರಯತ್ನವೊಂದು ನಡೆದದ್ದು ಕಂಪ್ಯೂಟರೇ ಇಲ್ಲದ ಕಾಲದಲ್ಲಿ. ಅದು ವಿಫಲವಾಯಿತೆಂಬುದು ಗಮನಾರ್ಹ.

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಕ್ವೇಕರ್ ಪಂಥದವರು. ಆಯುಧ ಹಿಡಿಯಲೊಲ್ಲದೆ, 1916ರಲ್ಲಿ ಆಂಬುಲೆನ್ಸ್ ಚಾಲಕರಾಗಿ ಫ್ರಾನ್ಸಿನ ಯುದ್ಧಭೂಮಿಗೆ ಹೋದರು. ಕಲ್ಲಿನ ಅಣೆಕಟ್ಟೆಯನ್ನು ಕಾಗದದ ಮೇಲೆ ಚೌಕಗಳಾಗಿ ವಿಂಗಡಿಸಿ, ಅದರೊಳಗಿನ ಬಲಗಳನ್ನು ಬರಿಯ ಕೂಡು-ಕಳೆಯುವ ಲೆಕ್ಕದಿಂದಲೇ ಅಂದಾಜು ಮಾಡುವ ಕ್ರಮವನ್ನು ಅವರು ಅದಾಗಲೇ ರೂಪಿಸಿದ್ದರು. ಅದೇ ಕ್ರಮವನ್ನು ವಾತಾವರಣಕ್ಕೆ ಅನ್ವಯಿಸಿ, 1910ರ ಮೇ 20ರಂದು ಮಧ್ಯ ಯೂರೋಪಿನಲ್ಲಿ ವಾಯುಭಾರ ಆರು ಗಂಟೆಗಳಲ್ಲಿ ಎಷ್ಟು ಬದಲಾಗಿರಬೇಕೆಂದು ಕೈಯಿಂದಲೇ ಗಣಿಸಿದರು. 1917ರ ಕದನದ ಗದ್ದಲದಲ್ಲಿ ಕಳೆದುಹೋದ ಹಸ್ತಪ್ರತಿ, ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ದೊರೆಯಿತು.

ಲೆಕ್ಕ ಹೇಳಿದ್ದು 145 ಮಿಲಿಬಾರಿನ ಏರಿಕೆ. ಆ ದಿನ ವಾಯುಭಾರ ನಿಜವಾಗಿ ಹೆಚ್ಚುಕಡಿಮೆ ಕದಲಿರಲೇ ಇಲ್ಲ! ರಿಚರ್ಡ್‌ಸನ್ ಇದನ್ನು ಮರೆಮಾಚಲಿಲ್ಲ. 1922ರ ತಮ್ಮ ಗ್ರಂಥದಲ್ಲಿ ಲೆಕ್ಕವನ್ನು ಪಟ್ಟಿಗಳ ಸಮೇತ ಅಚ್ಚು ಹಾಕಿಸಿ, ದೋಷ ಆರಂಭದ ಗಾಳಿಯ ಅಂಕಿಗಳಲ್ಲಿದೆಯೆಂದು ಸೂಚಿಸಿದರು.

ಆ ಪ್ರಾಮಾಣಿಕತೆ ವ್ಯರ್ಥವಾಗಲಿಲ್ಲ. ಚೌಕದ ಅಳತೆಗೆ ತಕ್ಕಂತೆ ಕಾಲದ ಹೆಜ್ಜೆಯೂ ಚಿಕ್ಕದಾಗಿರದಿದ್ದರೆ ಇಂಥ ಲೆಕ್ಕಗಳು ಕೈಮೀರುತ್ತವೆಂದು 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ತೋರಿಸಿಕೊಟ್ಟರು. 1950ರಲ್ಲಿ ಚಾರ್ನಿ ಮತ್ತು ಸಂಗಡಿಗರು ಸರಳಗೊಳಿಸಿದ ಸಮೀಕರಣವೊಂದನ್ನು ಎನಿಯಾಕ್ ಯಂತ್ರದಲ್ಲಿ ಬಿಡಿಸಿ ಮುನ್ಸೂಚನೆ ಪಡೆದರು. ಬಹುಕಾಲದ ಅನಂತರ ಐರ್ಲೆಂಡಿನ ಪೀಟರ್ ಲಿಂಚ್, ರಿಚರ್ಡ್‌ಸನ್ನರ ಆರಂಭದ ಅಂಕಿಗಳನ್ನು ಮಾತ್ರ ಹದಗೊಳಿಸಿ ಮತ್ತೆ ಗಣಿಸಿದಾಗ, ನಂಬಬಹುದಾದ ಉತ್ತರವೇ ಬಂದಿತು. ವಿಧಾನ ಸರಿಯಿತ್ತು, ಕೊಟ್ಟ ಅಂಕಿಗಳು ಸರಿಯಿರಲಿಲ್ಲ.

ಈ ಪರಂಪರೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಹರಿವಿನ ಸಮೀಕರಣಗಳನ್ನು ಬಿಡಿಸಲೆಂದೇ ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ಆಗ ರೊದ್ದಂ ನರಸಿಂಹ ಅದರ ನಿರ್ದೇಶಕರು.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಸಮೀಕರಣಗಳು ಎಟುಕವು. ಆದರೆ ದಿನವೂ ಸರ್ಕಾರಿ ಕಡತಗಳ ನಡುವೆ ಕುಳಿತಿರುವ ನನಗೆ, ತಪ್ಪಿದ ಲೆಕ್ಕದ ಕೆಳಗೂ ಸಹಿ ಹಾಕುವುದು ಎಷ್ಟು ಕಷ್ಟವೆಂದು ತಿಳಿದಿದೆ. ಪರದೆಯ ಮೇಲಿನ ಚಿತ್ರ ಚೆನ್ನಾಗಿ ಕಂಡಮಾತ್ರಕ್ಕೆ ನಂಬದೆ, ಅದನ್ನು ಅಳತೆಯೊಡನೆ ಹೋಲಿಸಬೇಕೆಂದು ಈ ವಿದ್ಯೆಯ ಅಧ್ಯಾಪಕರು ಇಂದಿಗೂ ಕಲಿಸುತ್ತಾರೆ. ರಿಚರ್ಡ್‌ಸನ್ ಆ ಪಾಠವನ್ನು ತಮ್ಮದೇ ಸೋಲಿನ ಮೇಲೆ ಮಾಡಿ ತೋರಿಸಿದ್ದರು.