ವಿಲಿಯಂ ಪಿಂಚನ್ನನ ಚರಿತ್ರೆ

ಕ್ರಿ. ಶ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಾ ಖಂಡಕ್ಕೆ ವಲಸೆಹೋದವರಲ್ಲಿ ಪ್ಯೂರಿಟನ್ ಪಂಥದವರು ಪ್ರಸಿದ್ಧರು. ರಾಜಪೋಷಿತವಾದ ಆಂಗ್ಲ ಕ್ರೈಸ್ತಸಂಘದಲ್ಲಿ ರೋಮಿನ ಆಚಾರಗಳು ಇನ್ನೂ ಉಳಿದಿವೆ, ಅವನ್ನು ತೊಡೆದು ಮತವನ್ನು ಪರಿಶುದ್ಧಗೊಳಿಸಬೇಕು ಎಂಬುದು ಇವರ ವಾದವಾದುದರಿಂದ ಇವರಿಗೆ ಈ ಹೆಸರು ಬಂದಿತು. ಸ್ವದೇಶದ ಮತನಿರ್ಬಂಧವನ್ನು ತಾಳಲಾರದೆ ಸಮುದ್ರವನ್ನು ದಾಟಿದ ಇವರು, ತಮ್ಮಲ್ಲಿಯೇ ಹುಟ್ಟಿದ ಭಿನ್ನಮತವನ್ನು ಹೇಗೆ ಕಂಡರೆಂಬುದಕ್ಕೆ ವಿಲಿಯಂ ಪಿಂಚನ್ನನ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಈತನು 1590ರಲ್ಲಿ ಎಸೆಕ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಗ್ರಾಮದಲ್ಲಿ ಜನಿಸಿದನು. ಒಂದನೆಯ ಚಾರ್ಲ್ಸ್ ದೊರೆಯು 1629ರಲ್ಲಿ ಮ್ಯಾಸಚೂಸೆಟ್ಸ್ ಕಂಪೆನಿಗೆ ಕೊಟ್ಟ ಸನ್ನದಿನಲ್ಲಿ ಈತನ ಹೆಸರೂ ಸೇರಿದೆ. 1630ರಲ್ಲಿ ಜಾನ್ ವಿಂಥ್ರಪ್ಪನ ಹಡಗುಗಳ ಸಮೂಹದೊಡನೆ ಕುಟುಂಬಸಮೇತನಾಗಿ ಹೊರಟುಬಂದನು. ಆ ವರ್ಷವೇ ಪತ್ನೀವಿಯೋಗವಾಯಿತು. ಆದರೂ ಧೃತಿಗೆಡದೆ ಬಾಸ್ಟನ್ನಿನ ಬಳಿ ರಾಕ್ಸ್‌ಬರಿ ಎಂಬ ಊರನ್ನು ನೆಲೆಗೊಳಿಸಿದವರಲ್ಲಿ ಪ್ರಮುಖನಾದನು. ಕೆಲವು ಕಾಲ ವಸಾಹತಿನ ಕೋಶಾಧಿಕಾರಿಯೂ ಆಗಿದ್ದನು.

ಈತನ ವ್ಯಾಪಾರವು ಬೀವರ್ ಎಂಬ ಜಲಚರಮೃಗದ ತುಪ್ಪುಳುಚರ್ಮದ್ದು. ಇದರ ತುಪ್ಪುಳಿನಿಂದ ಮಾಡಿದ ಟೋಪಿಗಳಿಗೆ ಯೂರೋಪಿನಲ್ಲಿ ಬಹಳ ಬೇಡಿಕೆಯಿದ್ದಿತು. ಕರಾವಳಿಯಲ್ಲಿ ಚರ್ಮದ ಸರಬರಾಯಿಯು ಕುಗ್ಗಲು, ಪಿಂಚನ್ನನು 1636ರಲ್ಲಿ ಒಳನಾಡಿನ ಕನೆಕ್ಟಿಕಟ್ ನದಿಯ ದಡಕ್ಕೆ ತೆರಳಿ, ಅಗವಂ ಎಂಬ ಸ್ಥಳದ ಮೂಲನಿವಾಸಿಗಳಿಂದ ಭೂಮಿಯನ್ನು ಕೊಂಡನು. ಆ ವರ್ಷದ ಜುಲೈ 15ನೆಯ ತಾರೀಖಿನ ಕ್ರಯಪತ್ರವು ಗಮನಾರ್ಹವಾದುದು. ಚಿಪ್ಪಿನ ಮಣಿಗಳ ಸರ 18 ಮಾರು, ನಿಲುವಂಗಿ 18, ಕೈಗೊಡಲಿ 18, ಗುದ್ದಲಿ 18, ಚಾಕು 18—ಇವು ಅದರಲ್ಲಿ ಹೇಳಿದ ಬೆಲೆ. ಜಿಂಕೆಯ ಬೇಟೆ, ಮೀನುಗಾರಿಕೆ, ಕಾಡಿನ ಕಾಯಿಗಳ ಸಂಗ್ರಹ ಇವುಗಳ ಹಕ್ಕು ಮಾರಿದವರಲ್ಲಿಯೇ ಉಳಿಯಿತು. ಆಂಗ್ಲರ ದನಗಳು ಅವರ ಜೋಳವನ್ನು ಮೇದರೆ ನಷ್ಟವನ್ನು ತುಂಬಿಕೊಡತಕ್ಕದ್ದೆಂಬ ಕರಾರೂ ಉಂಟು.

ಈ ಗ್ರಾಮವು ಮೊದಲು ಕನೆಕ್ಟಿಕಟ್ ವಸಾಹತಿನವರೊಡನೆ ಸೇರಿದ್ದಿತು. 1638ರಲ್ಲಿ ಅಲ್ಲಿ ಧಾನ್ಯದ ಅಭಾವವುಂಟಾಗಲು, ಮೂಲನಿವಾಸಿಗಳಿಂದ ಜೋಳವನ್ನು ಕೊಳ್ಳುವ ಭಾರವು ಪಿಂಚನ್ನನ ಮೇಲೆ ಬಿದ್ದಿತು. ಗೊತ್ತುಮಾಡಿದ ಬೆಲೆಗೆ ಅವರು ಮಾರಲೊಪ್ಪಲಿಲ್ಲ. ಆಗ ಕ್ಯಾಪ್ಟನ್ ಮೇಸನ್ನನು ಬಲಪ್ರಯೋಗಕ್ಕೆ ಸಿದ್ಧನಾಗಿ ಬಂದನು. ಪಿಂಚನ್ನನು ಅದನ್ನು ವಿರೋಧಿಸಿದನು. ಸ್ವಲಾಭಕ್ಕಾಗಿ ಬೆಲೆಯನ್ನು ಏರಿಸಿದನೆಂಬ ಅಪವಾದವು ಹುಟ್ಟಿ, ಹಾರ್ಟ್‌ಫರ್ಡಿನ ಸಭೆಯು ಈತನಿಗೆ 40 ಬುಷೆಲ್ ಜೋಳದ ದಂಡವನ್ನು ವಿಧಿಸಿತು. ಬಳಿಕ ಗ್ರಾಮವು ಮ್ಯಾಸಚೂಸೆಟ್ಸಿನ ಅಧೀನವಾಗಿ, ಸ್ಥಾಪಕನ ಜನ್ಮಗ್ರಾಮದ ಹೆಸರನ್ನೇ ಪಡೆಯಿತು. ಮೂಲನಿವಾಸಿಗಳ ಸ್ನೇಹವಿಲ್ಲದೆ ಈತನಿಗೆ ಚರ್ಮವು ದೊರೆಯುತ್ತಿರಲಿಲ್ಲವಾದುದರಿಂದ ಈ ನಡತೆಯಲ್ಲಿ ಸ್ವಾರ್ಥವೂ ಇದ್ದಿತೆಂಬುದು ದಿಟ. ಆದರೆ ಅವರು ತಾವಾಗಿ ಅಧೀನರಾಗುವವರೆಗೆ ನಮ್ಮ ಪ್ರಜೆಗಳಲ್ಲವೆಂದು 1648ರಲ್ಲಿ ಈತನು ವಿಂಥ್ರಪ್ಪನಿಗೆ ಬರೆದುದನ್ನು ನೋಡಿದರೆ, ಲಾಭದ ಜತೆಗೆ ಒಂದು ಧರ್ಮನಿರ್ಣಯವೂ ಇದ್ದಿತೆನ್ನಬೇಕು.

ಆ ನಿರ್ಣಯಬುದ್ಧಿಯೇ ಮತವಿಚಾರದಲ್ಲಿ ಈತನಿಗೆ ವಿಪತ್ತನ್ನು ತಂದಿತು. ಪಾಪಿಗಳಿಗೆ ಪ್ರತಿಯಾಗಿ ಕ್ರಿಸ್ತನು ದೇವರ ಕ್ರೋಧವನ್ನೂ ನರಕಯಾತನೆಯನ್ನೂ ಅನುಭವಿಸಿದನೆಂಬುದು ಅಲ್ಲಿನ ಗುರುಗಳ ಸಿದ್ಧಾಂತ. ಕ್ರಿಸ್ತನು ದೇವರ ಕ್ರೋಧಕ್ಕೆ ಪಾತ್ರನಾಗಲಿಲ್ಲ, ಆತನ ಪರಿಪೂರ್ಣವಾದ ವಿಧೇಯತೆಯೇ ಜನರ ವಿಮೋಚನೆಗೆ ಮೂಲ್ಯವೆಂದು ಪಿಂಚನ್ನನು ಪ್ರತಿಪಾದಿಸಿದನು. ಈ ಗ್ರಂಥವು 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸಿನ ಮಹಾಸಭೆಯು ಅದನ್ನು ಖಂಡಿಸಿ, ಬಾಸ್ಟನ್ನಿನ ಪೇಟೆಯಲ್ಲಿ ಸುಡಿಸಿತು. ಉತ್ತರವನ್ನು ಬರೆಯುವಂತೆ ಜಾನ್ ನಾರ್ಟನ್ ಎಂಬ ಗುರುವಿಗೆ ಆಜ್ಞಾಪಿಸಿತು. ಆ ಉತ್ತರವು ಪ್ರಕಟವಾದುದು 1653ರಲ್ಲಿ. ವಾದಕ್ಕೆ ಪ್ರತಿವಾದವು ಹೊರಡುವ ಮೊದಲೇ ಗ್ರಂಥಕ್ಕೆ ದಹನವು ಪ್ರಾಪ್ತವಾಗಿದ್ದಿತು.

1651ರಲ್ಲಿ ಪಿಂಚನ್ನನು ಸಭೆಯ ಮುಂದೆ ನಿಂತು ಕೆಲವು ಮಾತುಗಳನ್ನು ಸಡಿಲಿಸಿದನು, ಪೂರ್ಣವಾಗಿ ಹಿಂತೆಗೆದುಕೊಳ್ಳಲಿಲ್ಲ. ಆಸ್ತಿಯನ್ನು ಮಗನಾದ ಜಾನ್ ಪಿಂಚನ್ನನಿಗೆ ವಹಿಸಿ, 1652ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದನು. ಅಲ್ಲಿ 1655ರಲ್ಲಿ ಅದೇ ವಾದವನ್ನು ವಿಸ್ತರಿಸಿ ಮತ್ತೆ ಪ್ರಕಟಿಸಿ, 1662ರಲ್ಲಿ ಥೇಮ್ಸ್ ತೀರದ ರೇಸ್‌ಬರಿಯಲ್ಲಿ ಮೃತನಾದನು. ಮತಕ್ಕಾಗಿ ಇಂಗ್ಲೆಂಡನ್ನು ಬಿಟ್ಟವನಿಗೆ ಮತಕ್ಕಾಗಿಯೇ ಇಂಗ್ಲೆಂಡು ಮರಳಿ ಆಶ್ರಯವಾಯಿತು. ಸ್ಪ್ರಿಂಗ್‌ಫೀಲ್ಡ್ ನಗರವು ಇಂದಿಗೂ ಇದೆ. ಸುಡದೆ ಉಳಿದ ಗ್ರಂಥದ ಕೆಲವೇ ಪ್ರತಿಗಳೂ ಇವೆ.