1107ರ ಸಿಳ್ಳೆ: ಮುತ್ಯಾನ ರೇಡಿಯೊ ಯಾಕ ಅಡ್ಡ ತಿರುಗಿತ್ತು?

ಯಾದಗಿರಿ ಸ್ಟೇಷನ್‌ನಲ್ಲಿ ಟ್ರೇನ್ ಕಾಯ್ತಿರೋರಿಗೂ, ಶಹಾಪುರ ಬಸ್ಸಿನಲ್ಲಿ ಸೀಟ್ ಸಿಗದೇ ನಿಂತಿರೋರಿಗೂ ಸ್ವಾಗತ. ಇವತ್ತಿನ ಕಥೆ ಒಂದು ಸಿಳ್ಳೆದು.

ಸುರಪುರದಲ್ಲಿ ನಮ್ಮ ಮುತ್ಯಾನ ಹತ್ರ ಒಂದು ಟ್ರಾನ್ಸಿಸ್ಟರ್ ಇತ್ತು. ಹಗಲು ಹೆಂಗ ಇಟ್ಟರೂ ಹಾಡ್ತಿತ್ತು. ಕತ್ತಲಾದ ಮ್ಯಾಲ ಮಾತ್ರ ಕಲಬುರಗಿ ಆಕಾಶವಾಣಿಯ ಹಿಂದ ಯಾವುದೋ ಗೊತ್ತಿಲ್ಲದ ಭಾಷೆ ಗೊಣಗೋದು. ಮುತ್ಯಾ ಎದ್ದು ಹೋಗಿ ರೇಡಿಯೊನ ಸ್ವಲ್ಪ ಸ್ವಲ್ಪ ತಿರುಗಿಸಿ ಅಡ್ಡ ಇಡ್ತಿದ್ದ. ಗೊಣಗಾಟ ಕಮ್ಮಿ ಆಗೋದು. "ಇದೇನಲೇ, ನಮ್ಮ ಕಾಲದಾಗ ಸಿಳ್ಳಿ ಹೊಡೀತಿತ್ತು" ಅಂತಿದ್ದ. ಆ ಸಿಳ್ಳೆ ಎಲ್ಲಿಂದ ಬಂತು, ಎಲ್ಲಿ ಹೋಯ್ತು ಅಂತ ನಾನು ಕೇಳಲೇ ಇಲ್ಲ. ಈಗ ಕೇಳೋಣ ಅಂದ್ರ ಮುತ್ಯಾ ಇಲ್ಲ.

ಸ್ವಲ್ಪ ಹಿಂದಕ್ಕ ಹೋಗೋಣ. ನಮ್ಮ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯ ಡೆಕ್ಕನ್ ರೇಡಿಯೊ 1935ರ ಫೆಬ್ರವರಿ 3ರಂದು 411 ಮೀಟರ್, ಅಂದ್ರೆ 730 ಕಿಲೋಹರ್ಟ್ಜ್‌ನಲ್ಲಿ ಶುರುವಾಯ್ತು. ಉರ್ದುವೇ ಮುಖ್ಯ, ಜೊತೆಗೆ ತೆಲುಗು, ಕನ್ನಡ, ಮರಾಠಿ. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ. ಆದರೆ ಗುಲಬರ್ಗಾದಲ್ಲಿ ಆಕಾಶವಾಣಿ ಕೇಂದ್ರ ಆಗೋಕೆ 1966ರ ತನಕ ಕಾಯಬೇಕಾಯ್ತು. ಇಷ್ಟು ತಡವಾಗಿ ಸಿಕ್ಕ ಧ್ವನಿ ರಾತ್ರಿ ಆದ್ರ ಬೇರೆಯವರ ಗದ್ದಲದಾಗ ಮುಳುಗ್ತಿತ್ತು ಅಂದ್ರ ಹೊಟ್ಟೆ ಉರಿಯಲ್ವಾ?

ಮುಳುಗೋದು ಯಾಕೆ? ಹಗಲು ಹೊತ್ತಿನಲ್ಲಿ ಮೀಡಿಯಂ ವೇವ್ ಸಿಗ್ನಲ್ ನೆಲ ಹಿಡಿದು ಹೋಗ್ತದೆ. ಮೇಲಕ್ಕೆ ಹೋದದ್ದನ್ನ ಆಕಾಶದ ಒಂದು ಪದರ ನುಂಗಿಬಿಡ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕಿಂತ ಮೇಲಿನ ಪದರಕ್ಕೆ ತಗುಲಿ ಸಿಗ್ನಲ್ ಮತ್ತೆ ಭೂಮಿಗೆ ಇಳೀತದೆ, ಸಾವಿರಾರು ಕಿಲೋಮೀಟರ್ ದೂರದಲ್ಲಿ. ಹಗಲು ಪರಸ್ಪರ ಗುರುತೇ ಇಲ್ಲದ ಸ್ಟೇಷನ್‌ಗಳು ರಾತ್ರಿ ಒಂದೇ ಕಟ್ಟೆ ಮೇಲೆ ಕೂತಂಗ.

ಸಿಳ್ಳೆ ಮಾತ್ರ ಬೇರೆ ಲೆಕ್ಕ. ಏಷ್ಯಾದಲ್ಲಿ ಬಹಳ ಕಡೆ ಸ್ಟೇಷನ್‌ಗಳು 10 ಕಿಲೋಹರ್ಟ್ಜ್ ಅಂತರದಲ್ಲಿ ಕೂತಿದ್ದವು, ಯುರೋಪಿನ ಕಡೆ ಸುಮಾರು 9ರ ಅಂತರ. ಒಂದು ಸ್ಟೇಷನ್ 1110ರಲ್ಲಿದೆ, ಇನ್ನೊಂದು 1107ರಲ್ಲಿದೆ ಅಂದ್ಕೊಳ್ಳಿ. ಎರಡೂ ಒಟ್ಟಿಗೆ ರೇಡಿಯೊಗೆ ಬಿದ್ರೆ ನಡುವಿನ 3 ಕಿಲೋಹರ್ಟ್ಜ್ ವ್ಯತ್ಯಾಸವೇ ಕಿವಿಗೆ 'ಕುಂಯ್' ಅಂತ ಕೇಳ್ತದೆ. ಯಾರೂ ಊದದ ಸಿಳ್ಳೆ.

1975ರಲ್ಲಿ ಜಿನೀವಾದಲ್ಲಿ ದೇಶಗಳು ಕೂತು ಒಪ್ಪಂದ ಮಾಡ್ಕೊಂಡವು: ಯುರೋಪ್, ಆಫ್ರಿಕಾ, ಏಷ್ಯಾ ಎಲ್ಲಾ ಕಡೆ ಮೀಡಿಯಂ ವೇವ್ ಸ್ಟೇಷನ್‌ಗಳು 9ರ ಗುಣಕಗಳಲ್ಲೇ ಇರಬೇಕು, 531ರಿಂದ 1602ರ ತನಕ. ಲೆಕ್ಕ ಹಾಕಿದ್ರೆ 120 ಜಾಗ. ಸ್ಟೇಷನ್‌ಗಳು ಸಾವಿರಾರು. ಹಂಗಾಗಿ ಒಂದೇ ನಂಬರನ್ನ ದೂರದೂರದವರಿಗೆ ಹಂಚಿ, ಯಾರ ಶಕ್ತಿ ಎಷ್ಟಿರಬೇಕು ಅಂತಲೂ ಬರೆದಿಟ್ಟರು. 1978ರ ನವೆಂಬರ್ 23ಕ್ಕೆ ಇದು ಜಾರಿಗೆ ಬಂತು.

ನಾನು ಬಿ.ಕಾಂ. ಮನುಷ್ಯ, ಫಿಸಿಕ್ಸ್ ಅಂದ್ರೆ ದೂರ. ಆದ್ರೆ ಈ 9 ನೋಡಿ ಖುಷಿಯಾಯ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಬಂದ ವ್ಯತ್ಯಾಸ 9ರಿಂದ ಭಾಗ ಹೋದ್ರೆ, ಎಲ್ಲೋ ಅಂಕಿ ಅದಲುಬದಲು ಆಗಿರಬಹುದು ಅಂತ ನಮ್ಮ ಸರ್ ಹೇಳ್ತಿದ್ರು. ಇಲ್ಲೂ ನೋಡ್ರಿ: ಕಲಬುರಗಿ 1107, ಧಾರವಾಡ 765, ಬೆಂಗಳೂರು 612, ಹೈದರಾಬಾದ್ 738. ಎಲ್ಲವೂ 9ರಿಂದ ಭಾಗ ಹೋಗ್ತವೆ. ಡೆಕ್ಕನ್ ರೇಡಿಯೊದ ಹಳೇ 730 ಹೋಗಲ್ಲ.

ಹೀಗೆ ಸಿಳ್ಳೆ ನಿಂತಿತು. ಗೊಣಗಾಟ ಪೂರ್ತಿ ನಿಲ್ಲಲಿಲ್ಲ, ಯಾಕಂದ್ರೆ ಒಂದೇ ನಂಬರಿನವರು ಇನ್ನೂ ಇದ್ರಲ್ಲ. ಅದಕ್ಕೆ ಮುತ್ಯಾನ ಉಪಾಯ. ಟ್ರಾನ್ಸಿಸ್ಟರ್ ಒಳಗೆ ಉದ್ದಕ್ಕೆ ಒಂದು ಕರೀ ಫೆರೈಟ್ ಕಡ್ಡಿ ಮಲಗಿರ್ತದೆ, ಅದೇ ಆಂಟೆನಾ. ಅದರ ತುದಿ ಯಾವ ಕಡೆ ಮುಖ ಮಾಡ್ತದೋ ಆ ಕಡೆಯ ಸ್ಟೇಷನ್ ಕ್ಷೀಣವಾಗಿ ಕೇಳ್ತದೆ. ಸುರಪುರದಿಂದ ಕಲಬುರಗಿ ಹೆಚ್ಚುಕಡಿಮೆ ನೇರ ಉತ್ತರಕ್ಕದೆ. ರೇಡಿಯೊ ಪೂರ್ವ-ಪಶ್ಚಿಮ ಮಲಗಿದ್ರೆ ಕಲಬುರಗಿ ಜೋರು, ಪಕ್ಕದಿಂದ ನುಗ್ಗೋರು ತಣ್ಣಗೆ. ಓದು ಬರಹ ಕಮ್ಮಿ ಇದ್ದ ಮುತ್ಯಾ ದಿನಾ ರಾತ್ರಿ ಇದನ್ನೇ ಮಾಡ್ತಿದ್ದ.

ಈಗ ನಿಮ್ಮ ಫೋನಿನ ವೈಫೈಗೂ ಅದೇ ಜಗಳ. 2.4 ಗಿಗಾಹರ್ಟ್ಜ್‌ಗೆ ಭಾರತದಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಯಾರು ಬೇಕಾದ್ರೂ ಬರಬಹುದು, ಹಂಗಾಗಿ ಎಲ್ಲರೂ ಬಂದ್ರು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಇಷ್ಟೇ ಮೂರು. ಹಾಸ್ಟೆಲ್‌ನಲ್ಲಿ ನೆಟ್ ಸ್ಲೋ ಇದ್ರೆ ರೌಟರ್ ಸೆಟ್ಟಿಂಗ್‌ನಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿ.

ಮನೇಲಿ ಹಳೇ ಟ್ರಾನ್ಸಿಸ್ಟರ್ ಇದ್ದೋರು ಇವತ್ತು ರಾತ್ರಿ ಸೆಲ್ ಹಾಕಿ ಒಂದು ಸ್ಟೇಷನ್ ಹಿಡೀರಿ, ನಿಧಾನಕ್ಕೆ ಸುತ್ತ ತಿರುಗಿಸಿ ರೆಕಾರ್ಡ್ ಮಾಡಿ ಕಳಿಸ್ರಿ. ಮುಂದಿನ ಸಂಚಿಕೆ ಅದರಿಂದಲೇ ಶುರು ಮಾಡ್ತೀನಿ.